ಮಗ್ಗ ನಿಂತಾಗ ಮಾತ್ರ ಕಿವುಡ

ಕರೆಂಟ್ ಹೋದಾಗ ನಾನು ಕಿವುಡನಾಗುತ್ತಿದ್ದೆ. ಕರೆಂಟ್ ಇದ್ದಷ್ಟು ಹೊತ್ತು ನನಗೆ ಯಾವ ಊನವೂ ಇರಲಿಲ್ಲ.

ಒಗಟು ಹಾಕಿ ಓದುವವರನ್ನು ಸತಾಯಿಸುವ ಹವ್ಯಾಸ ನನಗಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಹುಕ್ಕೇರಿ ತಾಲೂಕಿನ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಧೋತರ ನೇಯುತ್ತಿದ್ದೆ. ಯಮಕನಮರಡಿಯಲ್ಲಿ ಬಸ್ಸಿಳಿದು ಒಳಗೆ ನಡೆದು ಹೋಗಬೇಕಿತ್ತು. ತಗಡಿನ ಮಾಡು, ಮೋಟು ಗೋಡೆ, ಒಳಗೆ ಎದುರುಬದುರು ಸಾಲಾಗಿ ಮಗ್ಗಗಳು. ಎಲ್ಲ ಮಗ್ಗ ಒಮ್ಮೆಲೇ ನಡೆದಾಗ ದೇವರೇ ಬಂದು ಕೂಗಿದರೂ ಕೇಳುವುದಿಲ್ಲ ಎಂದು ಕಿವಿ ಇದ್ದವರು ಹೇಳುತ್ತಿದ್ದರು. ನನಗೆ ಆ ಸದ್ದು ಗೊತ್ತಿದ್ದದ್ದು ಕಾಲಿನಿಂದ. ಚಪ್ಪಲಿ ಬಿಟ್ಟು ನಿಂತರೆ ನೆಲದ ನಡುಕ ಹಿಮ್ಮಡಿಯಿಂದ ಹಲ್ಲಿನವರೆಗೆ ಏರುತ್ತಿತ್ತು. ಅಷ್ಟು ಸದ್ದಿನಲ್ಲಿ ಎಲ್ಲರೂ ಕಿವುಡರೇ ಆದ್ದರಿಂದ ಅಲ್ಲಿ ಮಾತೆಲ್ಲ ಕೈಯಿಂದ, ತುಟಿಯಿಂದ, ಹುಬ್ಬಿನಿಂದ ನಡೆಯುತ್ತಿತ್ತು. ಎರಡು ಬೆರಳು ಜೋಡಿಸಿ ಬಿಡಿಸಿದರೆ ಎಳೆ ಹರಿದಿದೆ ಎಂದು. ಹೆಬ್ಬೆರಳು ತುಟಿಗೆ ಮುಟ್ಟಿಸಿದರೆ ಚಹಾ. ಹೊಟ್ಟೆಯ ಮೇಲೆ ದೊಡ್ಡದಾಗಿ ಕೈ ಸುತ್ತಿಸಿದರೆ ಮಾಲಕರು ಬಂದರು, ಎಲ್ಲರೂ ಕೆಲಸ ಮಾಡಿದ ಹಾಗೆ ಕಾಣಿರಿ ಎಂದು.

ಆಗಿನ ಕರೆಂಟ್ ಎಂದರೆ ಮನೆಯ ಅಳಿಯ. ಬಂದರೆ ಬಂದ, ಹೋದರೆ ಹೋದ, ಕೇಳುವ ಹಾಗಿಲ್ಲ. ಅದು ಹೋದ ಕೂಡಲೇ ಕಾಲಡಿಯ ನೆಲ ಸತ್ತಂತಾಗುತ್ತಿತ್ತು. ಎಲ್ಲರೂ ಕೈ ಕೆಳಗೆ ಬಿಟ್ಟು, ಮುಖ ತಿರುಗಿಸಿ, ತಂಬಾಕು ತಿಕ್ಕುತ್ತ ಬೆನ್ನು ತೋರಿಸಿಕೊಂಡೇ ಮಾತಿಗೆ ಕೂರುತ್ತಿದ್ದರು. ಸ್ವಲ್ಪ ಮುಂಚೆ ನನ್ನ ಮುಖ ನೋಡಿ ಹೆಂಡತಿಯ ಜೊತೆಗಿನ ಜಗಳವನ್ನು ಕೈಯಲ್ಲೇ ಆಡಿ ತೋರಿಸುತ್ತಿದ್ದವನು, ಆ ಜಗಳದ ಕೊನೆಯನ್ನು ಮತ್ತೆ ಯಾರಿಗೋ ಬಾಯಲ್ಲಿ ಹೇಳಿ ಮುಗಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಏನಾಯಿತೆಂದು ನಾನು ಭುಜ ತಟ್ಟಿ ಕೇಳಿದರೆ, “ಏನಿಲ್ಲ ಬಿಡೋ.” ಈ ಜನ್ಮದಲ್ಲಿ ನಾನು ಜನರ ತುಟಿಯ ಮೇಲೆ ಅತಿ ಹೆಚ್ಚು ಸಲ ಓದಿದ ಮಾತು ಅದು. ಏನಿಲ್ಲ ಬಿಡು.

ನಾನು ಹುಟ್ಟು ಕಿವುಡನಲ್ಲ. ನಮ್ಮೂರು ಮೂಡಲಗಿ ಹತ್ತಿರದ ಕಲ್ಲೋಳಿ. ಮೂರನೆಯ ಇಯತ್ತೆಯಲ್ಲಿದ್ದಾಗ ಜ್ವರ ಬಂದು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಪ್ಪ ಗೋಕಾಕದ ಡಾಕ್ಟರರ ಹತ್ತಿರ ಕರೆದೊಯ್ದ. ಅವರು ಅಪ್ಪನಿಗೆ ಏನೋ ಹೇಳಿದರು, ಅಪ್ಪ ಬಹಳ ಹೊತ್ತು ತನ್ನ ಟೊಪ್ಪಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಸ್‌ಸ್ಟ್ಯಾಂಡಿಗೆ ಬರುವಾಗ ನನಗೆ ಕರದಂಟು ಕೊಡಿಸಿದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಅಪ್ಪ ಕರದಂಟು ಕೊಡಿಸುತ್ತಿದ್ದಾನೆಂದರೆ ಆಗಬಾರದ್ದೇನೋ ಆಗಿದೆ ಎಂದು ನನಗೆ ಅಲ್ಲೇ ತಿಳಿಯಿತು. ಶಾಲೆಯಲ್ಲಿ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿ, ಆಮೇಲೆ ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳಿದರು. ಪುಸ್ತಕ ಓದಿಯೇ ಹತ್ತನೆಯದು ಪಾಸಾದೆ. ಆದರೆ ನನ್ನ ದನಿ ಹದ ತಪ್ಪಿತ್ತು. ಬಾಯಿ ತೆರೆದರೆ ಹುಡುಗರು ನಗುತ್ತಿದ್ದರು, ಅದಕ್ಕೇ ಬಾಯಿ ತೆರೆಯುವುದನ್ನು ಬಿಟ್ಟುಬಿಟ್ಟೆ. ನಮ್ಮ ಕಡೆ ಕಿವುಡನಿಗೆ ಕೆಪ್ಪ ಅನ್ನುತ್ತಾರೆ. ಊರಲ್ಲಿ ಅದೇ ನನ್ನ ಹೆಸರಾಯಿತು.

ಕೆಲಸ ಹುಡುಕಲು ಅಪ್ಪನೇ ಕೈ ಹಿಡಿದುಕೊಂಡು ಓಡಾಡಿದ. ಅಂಗಡಿಯವರು ಗಿರಾಕಿಯ ಮಾತು ಕೇಳಬೇಕಲ್ಲ ಅಂದರು. ಟ್ರಕ್ಕಿನವರು ಹಾರ್ನ್ ಕೇಳಬೇಕಲ್ಲ ಅಂದರು. ದನ ಕಾಯಲು ಕಿವಿ ಯಾಕೆ ಬೇಕು ಎಂದು ಅಪ್ಪ ಕೇಳಿದರೆ, ಹುಲ್ಲಿನಲ್ಲಿ ಹಾವು ಸರಿದದ್ದು ಕೇಳಬೇಕಲ್ಲ ಅಂದರು. ಗೋಡೆಗೂ ಕಿವಿ ಇರುತ್ತವಂತೆ, ಆ ಲೆಕ್ಕದಲ್ಲಿ ನಾನು ಗೋಡೆಗಿಂತ ಕಡಿಮೆ. ಎಲ್ಲರೂ ಕೊನೆಗೆ ‘ಪಾಪ’ ಅನ್ನುತ್ತಿದ್ದರು. ಆ ಶಬ್ದಕ್ಕೆ ತುಟಿ ಎರಡು ಸಲ ಕೂಡಿ ಬಿಡುತ್ತವೆ, ಎಷ್ಟು ದೂರದಿಂದಲೂ ಓದಬಹುದು. ಇವತ್ತಿಗೂ ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಶೆಡ್ಡಿಗೆ ನನ್ನನ್ನು ಸೇರಿಸಿಕೊಂಡವರು ಅಲ್ಲಿಯ ಜಾಬರ್. ಮಗ್ಗ ಕೆಟ್ಟರೆ ದುರಸ್ತಿ ಮಾಡುವುದು, ನೇಯುವವರಿಗೆ ಕೆಲಸ ಕಲಿಸುವುದು, ಅವರ ಮೇಲೆ ನಿಗಾ ಇಡುವುದು ಜಾಬರನ ಕೆಲಸ. ಅವರು ಹರೆಯದಲ್ಲೇ ಇಚಲಕರಂಜಿಗೆ ಹೋಗಿ ಮಗ್ಗಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡು ಬಂದವರು. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಅಪ್ಪ ನನ್ನ ಕಿವಿಯ ವಿಷಯ ತೆಗೆದಾಗ ಕಾಕಾ ನಕ್ಕು, “ಒಳಗ ಬಂದ ಮ್ಯಾಲ ಕಿವಿ ಇದ್ದಾಂವಗೂ ಕಿವಿ ಇರಂಗಿಲ್ಲ. ಬಿಟ್ಟ ಹೋಗ್ರಿ” ಅಂದರು.

ಶೆಡ್ಡಿನ ಕೈಮಾತು ಕಲಿಯಲು ಉಳಿದವರಿಗೆ ತಿಂಗಳುಗಟ್ಟಲೆ ಬೇಕಾಗಿತ್ತು. ನನಗೆ ವಾರದಲ್ಲಿ ಬಂತು. ಆಶ್ಚರ್ಯವೇನಿಲ್ಲ, ಈಜು ಬಲ್ಲವನನ್ನು ನೀರಿಗೆ ನೂಕಿದ್ದರು. ಶೆಡ್ಡಿನ ಒಂದು ತುದಿಯಲ್ಲಿ ನಿಂತವನ ತುಟಿಯನ್ನು ಇನ್ನೊಂದು ತುದಿಯಿಂದ ಓದಿ, ಯಾರಿಗೆ ತಿಳಿಸಬೇಕೋ ಅವರಿಗೆ ಕೈಯಲ್ಲಿ ದಾಟಿಸುತ್ತಿದ್ದೆ. ಅಲ್ಲಿ ಎಲ್ಲರಿಗೂ ಒಂದೊಂದು ಗುರುತಿನ ಸನ್ನೆ ಇತ್ತು. ಕಿವಿಯಲ್ಲಿ ಯಾವಾಗಲೂ ಹತ್ತಿ ತುರುಕಿಕೊಂಡಿರುತ್ತಿದ್ದ ಕಾಕಾಗೆ, ಕಿವಿಯ ಮೇಲೆ ಒಂದು ಬೆರಳು. ಮೊದಲ ದಿನ ನನಗೆ ಕೊಟ್ಟ ಸನ್ನೆ ಎರಡೂ ಕಿವಿಗೆ ಎರಡೂ ಅಂಗೈ. ಎರಡು ತಿಂಗಳಾಗುವಷ್ಟರಲ್ಲಿ ಅದು ಹೋಗಿ, ಹೆಬ್ಬೆರಳು ಕಿರುಬೆರಳು ಚಾಚಿ ಕೆನ್ನೆಗಿಡುವ ಸನ್ನೆ ಬಂತು. ಟೆಲಿಫೋನ್. ಕೆಪ್ಪನಿಗೆ ಟೆಲಿಫೋನ್ ಎಂದು ಹೆಸರಿಟ್ಟ ಊರು ಬೇರೆ ಎಲ್ಲಿದ್ದೀತು! ಮನೆಗೆ ಹೋಗಿ ಅವ್ವನ ಎದುರು ಆ ಸನ್ನೆ ಮಾಡಿ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಹಿಗ್ಗು ತಡೆಯಲಾಗಲಿಲ್ಲ.

ಕಾಕಾನ ಗುಟ್ಟು ನನಗೆ ಗೊತ್ತಾದದ್ದು ಕರೆಂಟ್ ಹೋದ ಹೊತ್ತಿನಲ್ಲಿ. ಎಲ್ಲರೂ ನಕ್ಕಾಗ ಅವರೂ ನಗುತ್ತಿದ್ದರು, ಆದರೆ ಒಂದು ಗಳಿಗೆ ತಡವಾಗಿ. ಮೊದಲು ಉಳಿದವರ ಮುಖ ನೋಡಿ, ಆಮೇಲೆ ತಮ್ಮ ನಗು ತೆಗೆಯುತ್ತಿದ್ದರು. ಆ ತಡ ನನಗೆ ಚೆನ್ನಾಗಿ ಗೊತ್ತು. ಅದು ನಮ್ಮ ಕುಲದ ಗುರುತು. ಅರ್ಧ ಆಯುಷ್ಯ ಮಗ್ಗದ ಸದ್ದು ಬಡಿದು ಬಡಿದು ಅವರ ಕಿವಿ ಸತ್ತಿತ್ತು. ಶೆಡ್ಡಿನಲ್ಲಿ ಅದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಹೊರಗೆ ಅವರು ತಲೆಯಾಡಿಸಿ, ‘ಹೂಂ’ ಅಂದು, ಮೀಸೆಯಲ್ಲಿ ನಕ್ಕು ನಿಭಾಯಿಸುತ್ತಿದ್ದರು. ಒಂದು ದಿನ ನಾನು ನೇರ ಕೇಳಿಯೇಬಿಟ್ಟೆ, ದನಿಯಿಲ್ಲದೆ, ಬರೀ ತುಟಿಯಲ್ಲಿ. “ಕಾಕಾ, ನಿಮಗೂ ಕೇಳಂಗಿಲ್ಲ ಹೌದಿಲ್ರಿ?”

ಅವರು ಸುತ್ತ ನೋಡಿದರು. ಆಮೇಲೆ ಅವರೂ ದನಿಯಿಲ್ಲದೆ, “ನಿನ್ನಂಗ ಅಲ್ಲೋ ತಮ್ಮಾ. ಥಂಡಿ ಹಿಡದೈತಿ ಅಷ್ಟ. ಬಳ್ಳೊಳ್ಳಿ ಎಣ್ಣಿ ಹಾಕ್ಕೊಳ್ಳಾಕತ್ತೇನಿ” ಅಂದರು.

ಆ ಥಂಡಿ ಬೇಸಿಗೆಯಲ್ಲೂ ಬಿಡಲಿಲ್ಲ. ಅಂದಿನಿಂದ ಕರೆಂಟ್ ಹೋದಾಗಲೆಲ್ಲ ಕಾಕಾ ಬಂದು ನನ್ನ ಎದುರು ಕೂರುತ್ತಿದ್ದರು. ಯಾರಾದರೂ ಏನಾದರೂ ಅಂದರೆ ಒಮ್ಮೆ ನನ್ನ ಮುಖ ನೋಡುತ್ತಿದ್ದರು, ನಾನು ಅದನ್ನು ದನಿಯಿಲ್ಲದೆ ತುಟಿಯಲ್ಲಿ ತಿರುಗಿ ಹೇಳುತ್ತಿದ್ದೆ, ಅವರು ಉತ್ತರ ಕೊಡುತ್ತಿದ್ದರು. ಹತ್ತಿರದಿಂದ, ನಿಧಾನವಾಗಿ ತುಟಿ ಆಡಿಸಿದರೆ ಅವರೂ ಓದುತ್ತಿದ್ದರು. ಉಳಿದವರು ಕೆಪ್ಪನ ಮೇಲೆ ಕಾಕಾಗೆ ಎಷ್ಟು ಮಾಯೆ, ಎಷ್ಟು ಪ್ರೀತಿ ಅಂದುಕೊಂಡರು. ಮಾಯೆ ಇದ್ದದ್ದು ಖರೆಯೇ. ಊಟದಲ್ಲಿ ತಮ್ಮ ರೊಟ್ಟಿಯ ಗಂಟಿನಿಂದ ಶೇಂಗಾ ಚಟ್ನಿ ತೆಗೆದು ನನಗೇ ಮೊದಲು ಹಾಕುತ್ತಿದ್ದರು. ಮಗಳ ಲಗ್ನದ ಮಾತುಕತೆಗೆ ಬೀಗರ ಮನೆಗೆ ಹೋಗುವಾಗ ನನ್ನನ್ನೂ ಕರೆದೊಯ್ದು ಎದುರಿಗೆ ಕೂರಿಸಿಕೊಂಡರು. ಅಲ್ಲಿ ಬೀಗರ ಒಂದೊಂದು ಮಾತನ್ನೂ ನಾನು ಕಾಕಾಗೆ ದಾಟಿಸಿದೆ. ಬೀಗರು ನನ್ನತ್ತ ನೋಡಿ ಪಾಪ ಅಂದರು. ಅದನ್ನೊಂದು ಬಿಟ್ಟು ಎಲ್ಲವನ್ನೂ ದಾಟಿಸಿದೆ.

ನನ್ನ ಎದುರಿನ ಎರಡು ಮಗ್ಗಗಳನ್ನು ನಡೆಸುತ್ತಿದ್ದವನು ನನ್ನ ವಾರಗೆಯವನೇ, ಯಮಕನಮರಡಿಯವನು, ಹೊಸದಾಗಿ ಲಗ್ನವಾಗಿತ್ತು. ಆ ಹೆಂಡತಿಯ ಜಗಳದ ಕತೆ ಇವನದೇ. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಅವನು ಕಾಕಾನ ಹಿಂದಿನಿಂದ ಬಂದು, ಹಿಂದಕ್ಕೆ ಹೊರಳಿ ಮಗ್ಗ ತೋರಿಸುತ್ತ, “ಕಾಕಾ, ಲಾಳಿ ಹೊಡಿಯೂ ಪಟ್ಟಿ ಹರಿಯಾಕ ಬಂದೈತ್ರಿ. ಲಾಳಿ ಜಿಗಿಯಾಕತ್ತೈತಿ” ಅಂದ. ನಾನು ದೂರದಲ್ಲಿ ಕೈ ತೊಳೆಯುತ್ತಿದ್ದೆ. ಅವನ ತುಟಿ ಕಂಡಿತು, ಕಾಕಾನ ಬೆನ್ನು ಕಂಡಿತು. ಕಾಕಾ ತಲೆಯಾಡಿಸಿದ್ದು ಕಂಡಿತು. ಆಯಿತು, ದುರಸ್ತಿ ಮಾಡುತ್ತಾರೆ ಎಂದುಕೊಂಡೆ. ಅವನೂ ಹಾಗೇ ಅಂದುಕೊಂಡ.

ಲಾಳಿ ಎಂದರೆ ಮಗ್ಗದಲ್ಲಿ ಅಡ್ಡ ನೂಲನ್ನು ಒಯ್ಯುವ ಕಟ್ಟಿಗೆಯ ತುಂಡು. ಎರಡೂ ತುದಿಗೆ ಉಕ್ಕಿನ ಮೊನೆ. ಮರುದಿನ ಅವನು ಒಂದು ಮಗ್ಗದ ಮೇಲೆ ಬಾಗಿ ಎಳೆ ಕಟ್ಟುತ್ತಿದ್ದಾಗ ಬಾಜೂ ಮಗ್ಗದಿಂದ ಲಾಳಿ ಹಾರಿ ಬಂದು ಕಣ್ಣಿಗೆ ಬಡಿಯಿತು. ನಾನು ಎದುರಿಗೇ ಇದ್ದೆ. ಅವನ ಬಾಯಿ ದೊಡ್ಡದಾಗಿ ತೆರೆದದ್ದನ್ನು ನೋಡಿದೆ. ಆ ಕೂಗು ನನಗಷ್ಟೇ ಅಲ್ಲ, ಆ ಶೆಡ್ಡಿನಲ್ಲಿ ಯಾರಿಗೂ ಕೇಳಲಿಲ್ಲ. ಓಡಿಹೋಗಿ ಮೊದಲು ಅವನನ್ನು ಹಿಡಿದವನು ನಾನು, ಎಲ್ಲರೂ ಮಗ್ಗ ನಿಲ್ಲಿಸುವ ಹಾಗೆ ಕೈ ಬೀಸಿದವನೂ ನಾನೇ. ಜೀಪಿನಲ್ಲಿ ಗೋಕಾಕಕ್ಕೆ ಒಯ್ದರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಯಾರ ತಪ್ಪು ಎಂಬ ಮಾತು ಆ ಸಂಜೆಯೇ ಹುಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಜನಕ್ಕೆ ಹೊಸದಲ್ಲ. ಪಟ್ಟಿ ಹರಿದಾಗ ಮಗ್ಗದ ಸದ್ದು ಬದಲಾಗುತ್ತದೆ, ಎದುರಿನವನಿಗೆ ಕಿವಿ ಇದ್ದಿದ್ದರೆ ತಿಳಿದು ಕೂಗುತ್ತಿದ್ದ, ಅಂವ ಕೆಪ್ಪ, ಏನು ತಿಳಿದೀತು? ಇದು ಅವರ ವಾದ. ಅಷ್ಟು ಮಗ್ಗಗಳ ನಡುವೆ ಒಂದರ ಸದ್ದು ಯಾರಿಗೆ ಕೇಳೀತು, ಕೂಗಿದ್ದರೂ ಯಾರಿಗೆ ಕೇಳೀತು ಎಂದು ಒಬ್ಬನೂ ಕೇಳಲಿಲ್ಲ. ಅವರೆಲ್ಲ ದಿನವೂ ಆ ಸದ್ದಿನಲ್ಲಿ ಕೈಯಿಂದ ಮಾತಾಡಿದವರು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮರುದಿನ ಶೆಡ್ಡಿಗೆ ಹೋದಾಗ ಒಬ್ಬ ಇನ್ನೊಬ್ಬನಿಗೆ ನನ್ನನ್ನು ತೋರಿಸಲು ಎರಡೂ ಕಿವಿಗೆ ಎರಡೂ ಅಂಗೈ ಇಟ್ಟ. ಟೆಲಿಫೋನ್ ಹೋಗಿತ್ತು.

ಮಾಲಕರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು. ಕೆಟ್ಟ ಮನುಷ್ಯರಲ್ಲ. ಬಾಯಿತುಂಬ ಗುಟ್ಕಾ, ಅರ್ಧ ಕನ್ನಡ ಅರ್ಧ ಮರಾಠಿ, ಮಂತ್ರಕ್ಕಿಂತ ಉಗುಳೇ ಜಾಸ್ತಿ. ಅವರ ತುಟಿ ಓದುವುದೆಂದರೆ ಕೆಸರಿನಲ್ಲಿ ಕಾಳು ಆರಿಸಿದಂತೆ. ಆ ದಿನ ಮಾತ್ರ ಒಂದು ಅಕ್ಷರವನ್ನೂ ಬಿಡದೆ ಓದಿದೆ. ಅಲ್ಲಿ ತೀರ್ಮಾನವಾಗುವುದಿದ್ದದ್ದು ನನ್ನ ಮಗ್ಗ. ಅವರು ಕಾಕಾನತ್ತ ಕೈ ಮಾಡಿ, ನೆಲ ನೋಡುತ್ತ ಕೇಳಿದರು.

“ಈ ಕೆಪ್ಪನ್ನ ಮಗ್ಗದ ಮ್ಯಾಲ ಇಡೂದೋ ಬ್ಯಾಡೋ? ನೀವ ಹಿರ್ಯಾರು, ನೀವ ಹೇಳ್ರಿ.”

ಕಾಕಾಗೆ ಕೇಳಲಿಲ್ಲ. ತಮ್ಮನ್ನು ಏನೋ ಕೇಳಿದ್ದಾರೆಂದು ಮಾತ್ರ ತಿಳಿಯಿತು. ರೂಢಿಯಂತೆ ಅವರ ಕಣ್ಣು ನನ್ನ ಮುಖಕ್ಕೆ ಬಂತು. ಏನು ಕೇಳಿದರು, ಹೇಳು ಎಂದು.

ಒಂದು ಗಳಿಗೆ ನನ್ನ ತಲೆಯಲ್ಲಿ ಏನೇನೋ ಸುಳಿಯಿತು. ‘ಪಟ್ಟಿ ಹರಿದದ್ದು ನಿಮಗೆ ಹೇಳಿದ್ದರೇನು’ ಎಂದು ಕೇಳುತ್ತಿದ್ದಾರೆ ಅನ್ನಬಹುದಿತ್ತು. ‘ಚಹಾ ಕುಡಿಯುತ್ತೀರೇನು’ ಅಂದುಬಿಟ್ಟರೆ ಅವರು ಹೂಂ ಅಂದು, ಎಲ್ಲರೆದುರು ಬಯಲಾಗುತ್ತಿದ್ದರು. ನನಗೆ ಸಿಟ್ಟು ಕಡಿಮೆಯೇನಲ್ಲ. ಆದರೆ ತುಟಿಯ ಮಾತಿನಲ್ಲಿ ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ನಮಗೆ ಇದ್ದದ್ದು ಅದೊಂದೇ ಭಾಷೆ. ಅದನ್ನೂ ಕೆಡಿಸಿದರೆ ಉಳಿಯುವುದೇನು? ಆದದ್ದನ್ನು ಆದ ಹಾಗೇ, ದನಿಯಿಲ್ಲದೆ ದಾಟಿಸಿದೆ.

“ಈ ಕೆಪ್ಪನ್ನ ಮಗ್ಗದ ಮ್ಯಾಲ ಇಡೂದೋ ಬ್ಯಾಡೋ ಅಂತ ಕೇಳಾಕತ್ತಾರ್ರಿ ಕಾಕಾ.”

ಕಾಕಾ ಕಣ್ಣು ಮುಚ್ಚಿ ತೆಗೆದರು. ಮಾಲಕರ ಕಡೆ ತಿರುಗಿ ಅಂದರು: “ಬ್ಯಾಡ್ರಿ. ಕೆಪ್ಪರಿಗೆ ಮಗ್ಗ ಅಲ್ರಿ. ಮಂದಿ ಜೀವಕ್ಕ ಅಪಾಯ.”

ನಾನು ಅಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ಗೆಳೆಯರು ಕೇಳಿದ್ದಾರೆ. ಬಿಟ್ಟಿದ್ದರೆ ಏನನ್ನಬೇಕಿತ್ತು? ಕಾಕಾ ಕಿವುಡರು, ಅವರಿಗೆ ಹೇಳಿದ್ದು ಕೇಳಿಲ್ಲ ಅಂದಿದ್ದರೆ ಮಾಲಕರ ಮಾತೇ ಖರೆಯಾಗುತ್ತಿತ್ತು: ನೋಡ್ರಿ, ಕೆಪ್ಪರಿಂದಲೇ ಅಪಾಯ. ಒಬ್ಬನ ಬದಲು ಇಬ್ಬರು ಹೊರಗೆ ಬೀಳುತ್ತಿದ್ದರು. ಅಪಾಯ ಇದ್ದದ್ದು ಕಿವಿಯಲ್ಲಲ್ಲ, ಕಿವಿಯನ್ನು ಮುಚ್ಚಿಡುವುದರಲ್ಲಿ. ಮುಚ್ಚಿಡುವ ಹಾಗೆ ಮಾಡಿದವರು ಅಂಗಳದ ತುಂಬ ನಿಂತಿದ್ದರು. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತೇನೆ. ಆಗ ಚಪ್ಪಲಿ ಮೆಟ್ಟಿ ಮನೆಯ ದಾರಿ ಹಿಡಿದೆ, ಅಷ್ಟೇ.

ಮಾಲಕರು ದಯಾಳು. ನನ್ನನ್ನು ಹೊರಗೆ ಹಾಕಲಿಲ್ಲ. ಗೋಕಾಕದ ಪೇಟೆಯಲ್ಲಿದ್ದ ತಮ್ಮ ಬಟ್ಟೆ ಅಂಗಡಿಗೆ ಕಳಿಸಿ, ಹಿಂದಿನ ಕೋಣೆಯಲ್ಲಿ ಧೋತರ ಮಡಚಿ ಘಡಿ ಹಾಕಲು ಕೂರಿಸಿದರು. ಆ ಕೋಣೆಯ ನೆಲ ನಡುಗುತ್ತಿರಲಿಲ್ಲ. ಯಾರೂ ಕೈಯಿಂದ ಮಾತಾಡುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೂ ಕರೆಂಟ್ ಹೋದ ಹಾಗೆಯೇ. ಗಿರಾಕಿಗಳು ಬಂದರೆ ಮಾಲಕರು ನನ್ನನ್ನು ತೋರಿಸಿ, “ಕೆಪ್ಪ ಅದಾನ, ಆದ್ರ ಪ್ರಾಮಾಣಿಕ” ಅನ್ನುತ್ತಿದ್ದರು. ಆ ‘ಆದ್ರ’ ಎಂಬುದು ನನಗೆ ಊಟ ಸೇರದಂತೆ ಮಾಡುತ್ತಿತ್ತು. ಕೆಲವರು ಹತ್ತಿರ ಬಂದು ಕಿವಿಯಲ್ಲಿ ಕಿರುಚುತ್ತಿದ್ದರು, ಕಿವಿಗೆ ಉಸಿರು ಬಡಿಯುತ್ತಿತ್ತು ಅಷ್ಟೇ. ಅಲ್ಲಿದ್ದ ವರ್ಷಗಳಲ್ಲಿ ನಾನು ನಗುವುದಕ್ಕೆ ಕಾಕಾನ ಹಾಗೆ ತಡಮಾಡಲು ಕಲಿತೆ, ತಲೆಯಾಡಿಸಲು ಕಲಿತೆ, ತಿಳಿಯದಿದ್ದರೂ ಹೂಂ ಅನ್ನಲು ಕಲಿತೆ.

ಒಂದು ದಿನ ಶೆಡ್ಡಿನ ಆ ಗೆಳೆಯ ಅಂಗಡಿಗೆ ಬಂದ. ಒಂದು ಕಣ್ಣಿನ ರೆಪ್ಪೆ ಒಳಗೆ ಸರಿದು ಹೊಲಿದ ಹಾಗಿತ್ತು. ಹೈವೇ ಬಾಜೂ ಪಾನ್ ಅಂಗಡಿ ಇಟ್ಟಿದ್ದನಂತೆ. ಕೈಮಾತು ಅವನಿಗೆ ಮರೆತಿರಲಿಲ್ಲ. ಕಿವಿಯ ಮೇಲೆ ಬೆರಳಿಟ್ಟು ಕಾಕಾನನ್ನು ತೋರಿಸಿ ಅಂದ: “ನಾ ಹೇಳಿದ್ನಲ್ಲೋ. ಹೂಂ ಅಂದ್ರಲ್ಲೋ ಅವ್ರು. ಹೂಂ ಅಂದು ಯಾಕ ಮಾಡಲಿಲ್ಲ?” ನಾನು ಕೈಯಲ್ಲೇ ಹೇಳಿದೆ, ಅವರಿಗೆ ಕೇಳಿರಲಿಲ್ಲ ಎಂದು. ಅವನು ಉಳಿದ ಕಣ್ಣಿನಿಂದ ನನ್ನನ್ನೇ ನೋಡಿದ. “ಕಿವಿ ಕೇಳಂಗಿಲ್ಲಂತ ಒಂದ ಮಾತು ನನಗ ಹೇಳಿದ್ರ, ಮಾರಿ ಮುಂದ ನಿಂತು ಹೇಳತಿದ್ದೆ” ಅಂದ. ಅವನು ಹೋದ ಮೇಲೆ ಕಟ್ಟಿದ್ದ ಘಡಿಯನ್ನೆಲ್ಲ ಹಾಗೇ ಬಿಟ್ಟು ಬಸ್ಸು ಹತ್ತಿದೆ. ಮತ್ತೆ ಆ ಅಂಗಡಿಗೆ ಹೋಗಲಿಲ್ಲ.

ಮೂಡಲಗಿಯಲ್ಲಿ ಗಂಡ ತೀರಿಕೊಂಡ ಮೇಲೆ ತಾವೇ ಶೆಡ್ಡು ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳಿದ್ದರು. ಎಲ್ಲರೂ ಅಕ್ಕಾರು ಅನ್ನುತ್ತಿದ್ದರು. ಅವರ ಎದುರು ನಿಂತು, ಎಷ್ಟೋ ವರ್ಷಗಳಿಂದ ಮಡಚಿಟ್ಟಿದ್ದ ನನ್ನ ದನಿಯನ್ನು ತೆಗೆದೆ. “ನಾ ಕೆಪ್ಪ ಅದೇನ್ರಿ. ಮಗ್ಗ ಛಲೋ ನಡಸ್ತೇನಿ. ನನ್ನ ಮಾರಿ ನೋಡಿ ಮಾತಾಡ್ಬೇಕ್ರಿ, ಇಲ್ಲಂದ್ರ ಆಗಂಗಿಲ್ಲ.” ದನಿ ಹೇಗೆ ಬಂತೋ ನನಗೆ ಗೊತ್ತಿಲ್ಲ. ಹಿಂದೆ ಇಬ್ಬರು ನಕ್ಕರಂತೆ. ಅಕ್ಕಾರು ನಗಲಿಲ್ಲ. ತಲೆಯ ಮೇಲಿನ ಸೆರಗು ಮುಖದ ಮೇಲೆ ಇಳಿದಿತ್ತು, ಅದನ್ನು ಹಿಂದೆ ಸರಿಸಿ, ನನ್ನ ಎದುರು ಮುಖ ಹಿಡಿದು, “ಹಿಂಗ ಕಾಣತೈತೇನಪಾ?” ಅಂದರು. ಕೆಲಸ ಸಿಕ್ಕಿತು. ಪಾಪ ಎಂಬ ಶಬ್ದ ಆ ದಿನ ಯಾರ ತುಟಿಯ ಮೇಲೂ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಒಂದು ಮುಂಜಾನೆ ಮೂಡಲಗಿಯ ಆ ಶೆಡ್ಡಿನ ಬಾಗಿಲಲ್ಲಿ ಕಾಕಾ ನಿಂತಿದ್ದರು. ಸಣ್ಣಗಾಗಿದ್ದರು. ಹಳೆಯ ಶೆಡ್ಡಿನಲ್ಲಿ ಮಾಲಕರ ಮಗನ ಕಾರಭಾರ ಬಂದು, ವಯಸ್ಸಾಯಿತೆಂದು ಮನೆಗೆ ಕಳಿಸಿದ್ದನಂತೆ. ಕಿವಿಯಲ್ಲಿ ಹತ್ತಿ ಹಾಗೇ ಇತ್ತು. ನನ್ನನ್ನು ಕಂಡು ಅವರ ಮುಖ ಅರಳಿತು, ಆಮೇಲೆ ಆ ಅಂಗಳದ ನೆನಪಾಯಿತೋ ಏನೋ, ಕಣ್ಣು ಕೆಳಗಿಳಿಯಿತು. ನನಗೂ ಒಳಗೆ ಎರಡು ಎದ್ದವು. ಒಂದು ಸಿಟ್ಟು. ಇನ್ನೊಂದು ಆ ಶೇಂಗಾ ಚಟ್ನಿ.

ಅಕ್ಕಾರಿಗೆ ಒಬ್ಬ ಜಾಬರ್ ಬೇಕಾಗಿತ್ತು. ಕೆಲಸದ ಮಾತೆಲ್ಲ ಆದ ಮೇಲೆ ಅವರು ಕೇಳಿದರು, “ಕಣ್ಣು ಕಿವಿ ಎಲ್ಲಾ ನೆಟ್ಟಗ ಅದಾವಿಲ್ರಿ?” ಕಾಕಾನ ಕಣ್ಣು ನನ್ನ ಮುಖಕ್ಕೆ ಬಂತು. ನಾನು ಆ ಮಾತನ್ನು ದನಿಯಿಲ್ಲದೆ ದಾಟಿಸಿದೆ. ಕಾಕಾ ಅಕ್ಕಾರ ಕಡೆ ತಿರುಗಿ, “ಛಲೋ ಕೇಳತೈತ್ರಿ” ಅಂದರು.

ಆ ಕ್ಷಣ ನಾನು ಸುಮ್ಮನಿದ್ದೆ. ತಾವಾಗಿಯೇ ಹೇಳಲಿ, ಒಂದು ದಿನ ಸರಿದುಹೋಗಲಿ ಎಂದುಕೊಂಡೆ. ಆ ಒಂದು ದಿನವೂ ಸಿಗಲಿಲ್ಲ. ಮಧ್ಯಾಹ್ನ ಕರೆಂಟ್ ಹೋಯಿತು. ನೇಯುವವನೊಬ್ಬ ಕಾಕಾನ ಬೆನ್ನ ಹಿಂದೆ ನಿಂತು, ಎಲೆ ಅಡಿಕೆ ಜಗಿಯುತ್ತ, “ನನ್ನ ಮಗ್ಗದ ಪಟ್ಟಿ ನೋಡ್ರಿ, ಸಡಲ ಆಗೈತಿ” ಅಂದ. ಏನೋ ಹೇಳುತ್ತಿದ್ದಾರೆಂದು ಎದುರಿನವರ ಮುಖದಿಂದ ತಿಳಿದು ಕಾಕಾ ತಲೆಯಾಡಿಸಿದರು. ಹೂಂ. ಈ ಸಲ ನಾನು ಕಂಡದ್ದು ಬೆನ್ನಲ್ಲ, ಮುಖ. ಅದರಲ್ಲಿ ಏನೂ ಇರಲಿಲ್ಲ.

ಹತ್ತಿರ ಹೋಗಿ ಕೂತೆ. ಯಾರಿಗೂ ಕೇಳದ ಹಾಗೆ ತುಟಿಯಲ್ಲೇ ಅಂದೆ, “ಕಾಕಾ, ಈಗ ಅಂವ ಏನಂದ?”

“ಅಂದ ಏನೋ. ಕೇಳೇತಿ ನನಗ.”

“ಪಟ್ಟಿ ಸಡಲ ಆಗೈತಿ ಅಂದ. ಎಲ್ಲಾರಿಗೂ ಹೇಳಿಬಿಡ್ರಿ. ನಾ ಹೇಳೇನಿ, ನನಗೇನಾಗೇತಿ? ಮಾರಿ ಮುಂದ ಬಂದು ಹೇಳ್ತಾರ, ಅಷ್ಟ.”

ಕಾಕಾನ ಮುಖ ಬಿಗಿಯಿತು. “ನೀ ಹುಟ್ಟಾ ಕೆಪ್ಪ. ನಿಂದೇನ ಹೋಗತೈತಿ? ನಾ ಜಾಬರ್ ಅದೇನಿ.”

ನಾನು ಹುಟ್ಟು ಕಿವುಡನಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಜ್ವರದ ಕತೆ, ಆ ಕರದಂಟಿನ ಕತೆ ಹೇಳಿದಾಗ ಅವರೇ ಕಣ್ಣು ಒರೆಸಿಕೊಂಡಿದ್ದರು. ಆದರೆ ನನ್ನನ್ನು ಎಬ್ಬಿಸಿದ್ದು ಆ ಮಾತಲ್ಲ. ಎದುರಿಗೆ ಸಡಿಲ ಪಟ್ಟಿಯ ಮಗ್ಗವಿತ್ತು, ಕರೆಂಟ್ ಯಾವಾಗ ಬೇಕಾದರೂ ಬರಬಹುದಿತ್ತು, ಹೊಲಿದ ರೆಪ್ಪೆ ಕಣ್ಣೆದುರು ಬಂತು. ಎದ್ದು ನಿಂತು, ಆ ನನ್ನ ಹದಗೆಟ್ಟ ದನಿಯಲ್ಲಿ, ಶೆಡ್ಡಿಗೆಲ್ಲ ಕೇಳುವ ಹಾಗೆ ಅಂದೆ: “ಕಾಕಾಗೂ ನನ್ನಂಗ ಕಿವಿ ಕೇಳಂಗಿಲ್ಲ. ಏನರ ಹೇಳೂದಿದ್ರ ಮಾರಿ ಮುಂದ ನಿಂತು ಹೇಳ್ರಿ. ಮೊದಲ ಆ ಪಟ್ಟಿ ಕಟ್ಟೂನು.”

ಎಲ್ಲರೂ ಕಾಕಾನ ಕಡೆ ತಿರುಗಿದರು. ಅಕ್ಕಾರು ಬಂದು ಅವರ ಎದುರು ನಿಂತು, ಸೆರಗು ಸರಿಸಿ, ಏನೋ ಹೇಳಿದರು. ಇರ್ರಿ, ಹೋಗಬ್ಯಾಡ್ರಿ ಎಂದು ನಾನು ಓದಿಕೊಂಡೆ. ಅಲ್ಲಿ ಯಾರೂ ಅವರನ್ನು ಹೊರಗೆ ಹಾಕಲಿಲ್ಲ, ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಆದರೆ ಕಾಕಾ ಅಕ್ಕಾರ ಮುಖ ನೋಡಲೇ ಇಲ್ಲ. ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು, ರೊಟ್ಟಿಯ ಗಂಟು ಎತ್ತಿಕೊಂಡರು. ಬಾಗಿಲಲ್ಲಿ ತಿರುಗಿ ನಿಂತು ನನ್ನ ಮುಖವನ್ನು ಹುಡುಕಿದರು. ತುಟಿ ಆಡಿದವು.

“ನಾ ಕೆಪ್ಪ ಅಲ್ಲೋ.”

ಹೊರಟುಹೋದರು. ಕರೆಂಟ್ ಬರುವ ಮುಂಚೆ ನಾವು ಎರಡು ಮೂರು ಮಂದಿ ಸೇರಿ ಆ ಪಟ್ಟಿಯನ್ನು ಬಿಗಿದು ಕಟ್ಟಿದೆವು. ಕಾಕಾ ಮತ್ತೆ ಬರಲಿಲ್ಲ. ನಾನು ಎರಡು ಸಲ ಅವರ ಊರಿಗೆ ಹೋದೆ, ಎರಡೂ ಸಲ ಮನೆಯಲ್ಲಿಲ್ಲ ಎಂದು ಮಗಳು ಬಾಗಿಲಲ್ಲೇ ಹೇಳಿದಳು.

ಆ ದಿನದ ಚಹಾದ ಹೊತ್ತಿಗೆ, ಬಾಗಿಲ ಹತ್ತಿರದ ಮಗ್ಗದವನನ್ನು ಕೇಳಿದೆ. ಹೋಗುವಾಗ ಕಾಕಾ ಅಂದದ್ದು ಕೇಳಿತೇನು ಎಂದು. ಕಾಕಾ ಹೊರಟಾಗ ಮಗ್ಗಗಳೆಲ್ಲ ನಿಂತಿದ್ದವು, ಅವನು ಅವರಿಂದ ಕೈಯಳತೆಯಲ್ಲಿ ಕೂತಿದ್ದ.

ಅವನು ನನ್ನ ಮುಖದ ಎದುರು ಮುಖ ತಂದು, ನಿಧಾನವಾಗಿ ಹೇಳಿದ. “ಏನೂ ಅನಲಿಲ್ಲಲ್ಲೋ. ಬಾಯಿ ಅಷ್ಟ ಆಡಿಸಿದ್ರು. ದನೀನ ಇರಲಿಲ್ಲ.”